ಕೆರೆಯ ದಿನಚರಿ

ನೀರು ತಿಳಿಯಾಗಿ ಕಂಡರೆ ಶುದ್ಧವೆಂದೂ, ದಂಡೆಯ ಮೇಲೆ ಕಲ್ಲುಬೆಂಚು, ಹೂಗಿಡಗಳು ಬಂದರೆ ಕೆರೆ ಉದ್ಧಾರವಾಯಿತೆಂದೂ ನಾವು ನಂಬಿಬಿಡುತ್ತೇವೆ. ಈ ನಂಬಿಕೆ ಸಾಲದೆಂಬುದು ನನ್ನ ಅಭಿಪ್ರಾಯ.

ನಮ್ಮ ಕುಕ್ಕರಹಳ್ಳಿ ಕೆರೆಯನ್ನೇ ನೋಡೋಣ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರ ಹೊರಗಿನ ಬೇಸಾಯಕ್ಕೆಂದು ಆದ ಕೆರೆ ಅದು. ಮೈಸೂರು ಬೆಳೆದು ಕೆರೆಯನ್ನು ಸುತ್ತಿಕೊಂಡಿತು. ಬಡಾವಣೆಗಳ ಚರಂಡಿ ನೀರೂ ಅದನ್ನು ಸೇರಿತು. ದಳವಾಯಿ ಕೆರೆಯ ಪಾಡು ಇನ್ನೂ ಶೋಚನೀಯ. ಇಂಥ ಕೆರೆಗಳ ಆರೋಗ್ಯವನ್ನು ತಿಳಿಯುವುದು ಹೇಗೆ?

ಸೀಸೆಯಲ್ಲಿ ನೀರು ತುಂಬಿ ಪ್ರಯೋಗಶಾಲೆಗೆ ಕಳುಹಿಸುವುದು ವಾಡಿಕೆ. ಕರಗಿದ ಆಮ್ಲಜನಕವೆಷ್ಟು, ಫಾಸ್ಫೇಟ್ ಎಷ್ಟು ಎಂದು ಉತ್ತರ ಬರುತ್ತದೆ. ಆದರೆ ಅದು ಆ ಗಳಿಗೆಯ ಉತ್ತರ. ಪಾಚಿ ತುಂಬಿದ ಕೆರೆಯಲ್ಲಿ ನಡುಮಧ್ಯಾಹ್ನ ಆಮ್ಲಜನಕ ಹೇರಳವಾಗಿರುತ್ತದೆ. ರಾತ್ರಿಯೆಲ್ಲ ಅದು ಖರ್ಚಾಗಿ, ಬೆಳಗಿನ ಜಾವ ಅದೇ ನೀರಿನಲ್ಲಿ ಮೀನು ಉಸಿರುಗಟ್ಟಿ ಸಾಯಬಹುದು. ಮಧ್ಯಾಹ್ನ ತುಂಬಿದ ಸೀಸೆಗೆ ಆ ಸುದ್ದಿ ತಿಳಿಯದು.

ಹಗಲೂ ರಾತ್ರಿಯೂ ಅಲ್ಲೇ ಬಾಳುವ ಸಣ್ಣ ಜೀವಿಗಳಿಗೆ ಅದು ತಿಳಿದಿರುತ್ತದೆ. ಮೇಫ್ಲೈ ಕೀಟದ ಮರಿಗಳಲ್ಲಿ ಬಹುಪಾಲು ಕೊಳಕು ನೀರನ್ನು ಸಹಿಸಲಾರವು. ಕೈರೊನೊಮಸ್ ನೊಣದ ಕೆಂಪು ಮರಿಹುಳುಗಳಾದರೋ, ಮೈಯಲ್ಲಿ ಹಿಮೊಗ್ಲೋಬಿನ್ ಇರುವುದರಿಂದ, ಆಮ್ಲಜನಕ ಕಡಿಮೆಯಾದ ಕೆಸರಿನಲ್ಲೂ ಬಾಳುತ್ತವೆ. ಮೊದಲಿನವು ಮಾಯವಾಗಿ ಎರಡನೆಯವು ಮಾತ್ರ ಹೆಚ್ಚಿದರೆ, ಕೆರೆ ಬಹುದಿನದಿಂದ ಕಷ್ಟದಲ್ಲಿದೆ ಎಂದು ಶಂಕಿಸಬೇಕು. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1908-09ರಲ್ಲೇ ಜೀವಿಗಳನ್ನು ಹೀಗೆ ವಿಂಗಡಿಸಿದ್ದರು. 1969ರಲ್ಲಿ ಅಮೆರಿಕದ ಪಾಮರ್ 20 ಪಾಚಿ ಕುಲಗಳಿಗೆ ಅಂಕ ಕೊಟ್ಟರು, ಯೂಗ್ಲೀನಕ್ಕೆ 5. ಕಂಡ ಕುಲಗಳ ಅಂಕ ಕೂಡಿದಾಗ 20 ಅಥವಾ ಹೆಚ್ಚಾದರೆ ಸಾವಯವ ಕೊಳೆ ವಿಪರೀತವೆಂದು ಅರ್ಥ.

ಜೀವಿಗಳು ವಿಷದ ಹೆಸರು ಹೇಳಲಾರವು, ನಿಜ. ಸೀಸವೋ ಕೀಟನಾಶಕವೋ ಎಂದು ತಿಳಿಸಲು ರಸಾಯನಶಾಸ್ತ್ರವೇ ಬೇಕು. ಎರಡೂ ಪರೀಕ್ಷೆಗಳು ಜೊತೆಯಾಗಿ ನಡೆಯಲೆಂಬುದಷ್ಟೇ ನನ್ನ ವಾದ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದು ಹೊಸತೆನಿಸುವುದಿಲ್ಲ: ಒಂದು ದಿನದ ಪತ್ರಕ್ಕಿಂತ ಹಲವು ತಿಂಗಳ ದಿನಚರಿ ಹೆಚ್ಚು ಹೇಳುತ್ತದೆ.

ಕಲಾ ಕಾಲೇಜಿನವರಾದ ನಮಗೇಕೆ ಈ ಹುಳುಗಳ ಗೊಡವೆ ಎಂದು ಮಿತ್ರರು ಕೇಳಬಹುದು. ಕೆರೆಯ ದುಡ್ಡು ನಾಡಿನದಲ್ಲವೆ? ಸಣ್ಣ ಕಣ್ಣಿನ ಬಲೆ, ಬಿಳಿಯ ತಟ್ಟೆ, ಭೂತಗನ್ನಡಿ, ಕೈಗವಸು ಇದ್ದರೆ ಹುಳುಗಳ ಎಣಿಕೆ ಆರಂಭಿಸಬಹುದು. ಪಾಚಿಗೆ ಮಾತ್ರ ಸೂಕ್ಷ್ಮದರ್ಶಕ ಬೇಕು. ಅನುಮತಿ ಪಡೆದು, ಬಲ್ಲ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ, ಪ್ರತಿ ತಿಂಗಳೂ ಅದೇ ಜಾಗದಲ್ಲಿ ನೋಡಿ ಬರೆದಿಡೋಣ. ಭೂಗೋಳದವರು ಕಾಲುವೆಗಳ ನಕ್ಷೆ ಬರೆಯಲಿ. ಅರ್ಥಶಾಸ್ತ್ರದವರು ಖರ್ಚನ್ನು ನೋಡಲಿ. ನಾವು ಪದವಿ ಪಡೆದು ಹೋದ ಮೇಲೂ ಆ ಪುಸ್ತಕ ಇಲ್ಲೇ ಉಳಿದು, ಮುಂದಿನವರ ಕೈಯಲ್ಲಿ ಬೆಳೆಯಲಿ. ಕೆರೆ ಸುಧಾರಿಸಿತೆಂದು ಯಾರಾದರೂ ಹೇಳಿದಾಗ, ಹೌದೆನ್ನಲು ಅಥವಾ ಅಲ್ಲವೆನ್ನಲು ನಮ್ಮ ಬಳಿ ಆಧಾರವಾದರೂ ಇರುತ್ತದೆ.