ಎಂಬತ್ತು ದಾಟಿದ ಹಿರಿಯರ ಮನಸ್ಸಿನ ಆರೈಕೆಗಾಗಿ ಗುಡಗೇರಿ ಗ್ರಾಮಸ್ಥರ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಧಾರವಾಡ ಜಿಲ್ಲೆ, ಧಾರವಾಡ

ಮುಖಾಂತರ: ಮಾನ್ಯ ತಹಶೀಲ್ದಾರರು, ಕುಂದಗೋಳ

ವಿಷಯ: 80 ವರ್ಷ ದಾಟಿದ ಹಿರಿಯರ ಖಿನ್ನತೆ ಹಾಗೂ ಮರೆವಿನ ಕಾಯಿಲೆಗೆ ಊರಲ್ಲೇ ತಪಾಸಣೆ, ಚಿಕಿತ್ಸೆ ಒದಗಿಸುವ ಕುರಿತು.

ಮಾನ್ಯರೇ,

ಕುಂದಗೋಳ ತಾಲೂಕಿನ ಗುಡಗೇರಿ ಗ್ರಾಮದ ಹಿರಿಯ ನಾಗರಿಕರು ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರಾದ ನಾವು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಹಿರಿಯರ ಬಿಪಿ, ಸಕ್ಕರೆ ನೋಡಲು ಇಂದು ಒಂದು ವ್ಯವಸ್ಥೆ ಇದೆ. ಅವರ ಮನಸ್ಸು ಹೇಗಿದೆ, ನೆನಪು ಹೇಗಿದೆ ಎಂದು ಕೇಳುವ ಪದ್ಧತಿ ಮಾತ್ರ ಇನ್ನೂ ಬೆಳೆದಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದು ಇಷ್ಟು. ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದ ಅಜ್ಜಿ ಈಗ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ. ರೊಟ್ಟಿ ಮುರಿದು ಗಂಗಾಳದಲ್ಲೇ ಬಿಡುತ್ತಾರೆ. ಮೊನ್ನೆ ಬಂದುಹೋದ ಮೊಮ್ಮಗಳ ಹೆಸರು ಅವರಿಗೆ ನೆನಪಾಗುವುದಿಲ್ಲ. “ಶಿವಾ, ಇನ್ನ ಸಾಕು, ನನ್ನ ಕರಕೋ” ಎನ್ನುವುದು ದಿನದ ಮಾತಾಗುತ್ತದೆ. ಮನೆಯವರು ಅರಳುಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ಹೆಚ್ಚೆಂದರೆ ಔಷಧದಂಗಡಿಯಿಂದ ನಿದ್ದೆ ಗುಳಿಗೆ ತರುತ್ತಾರೆ. ಅದರಿಂದ ಮಂಕು ಇನ್ನಷ್ಟು ಹೆಚ್ಚುತ್ತದೆ, ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ಬೇರೆ.

ಆ ಅಜ್ಜಿಗೆ ಇರುವುದು ಖಿನ್ನತೆಯಾಗಿರಬಹುದು. ಮುಪ್ಪಿನ ಖಿನ್ನತೆ ಮರೆವಿನ ವೇಷದಲ್ಲೇ ಬರುವುದುಂಟು. ಚಿಕಿತ್ಸೆ ಸಿಕ್ಕರೆ ನೆನಪೂ ಸುಧಾರಿಸಬಹುದು. ಮರೆವು ಬಿ12 ಕೊರತೆಯಿಂದಲೋ ಥೈರಾಯ್ಡ್ ತೊಂದರೆಯಿಂದಲೋ ಆಗಿದ್ದರೆ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಎರಡು ದಿನದಲ್ಲಿ ದಿಢೀರನೆ ತಲೆ ಕೆಟ್ಟಂತಾದರೆ ಮೂತ್ರದ ಸೋಂಕೋ ಸೋಡಿಯಂ ಇಳಿದದ್ದೋ ಇರಬಹುದು, ಆಗ ತಡ ಮಾಡುವಂತೆಯೇ ಇಲ್ಲ. ನಿಜವಾದ ಮರೆವಿನ ಕಾಯಿಲೆಯೇ (ಡಿಮೆನ್ಶಿಯಾ) ಆಗಿದ್ದರೂ ಮನೆಯವರಿಗೆ ಮುಂದಿನ ದಾರಿ ಹೇಳುವವರು ಬೇಕು. ಇವೆಲ್ಲಕ್ಕೂ ‘ವಯಸ್ಸಾತು’ ಎಂಬ ಒಂದೇ ಉತ್ತರ ಸಿಗುತ್ತಿರುವುದೇ ನಮ್ಮ ಸಂಕಟ.

ಇದು ನಮ್ಮೂರಿನ ಮಾತಷ್ಟೇ ಅಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಪೇಟೆಗಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ವಯಸ್ಸು ಏರಿದಂತೆ ಪ್ರಮಾಣವೂ ಏರುತ್ತದೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ: 80 ದಾಟಿದ ಪ್ರತಿಯೊಬ್ಬರನ್ನೂ ವರ್ಷಕ್ಕೊಮ್ಮೆಯಾದರೂ ಮನೆಯಲ್ಲೇ ಕಂಡು ಖಿನ್ನತೆ ಮತ್ತು ನೆನಪಿನ ತಪಾಸಣೆ ಮಾಡಬೇಕು, ಅದೇ ಭೇಟಿಯಲ್ಲಿ ಕಿವಿ, ಕಣ್ಣು ನೋಡಬೇಕು. ಕಿವಿ ಕೇಳದವರು ಮಾತು ಬಿಡುತ್ತಾರೆ, ಮಾತು ಬಿಟ್ಟವರು ಒಂಟಿಯಾಗುತ್ತಾರೆ. ಶ್ರವಣದೋಷ, ದೃಷ್ಟಿದೋಷ, ಖಿನ್ನತೆ, ಒಂಟಿತನ ಇವು ನಾಲ್ಕೂ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಗುರುತಿಸಿದ, ಡಿಮೆನ್ಶಿಯಾಕ್ಕೆ ದಾರಿಮಾಡುವ ಆದರೆ ತಡೆಯಬಹುದಾದ 14 ಕಾರಣಗಳಲ್ಲಿ ಸೇರಿವೆ. ಈ ಕೆಲಸವನ್ನು ಆಶಾ ಕಾರ್ಯಕರ್ತೆಯರಿಗೆ ವಹಿಸುವುದಾದರೆ ತರಬೇತಿಯನ್ನೂ ಪ್ರತ್ಯೇಕ ಪ್ರೋತ್ಸಾಹಧನವನ್ನೂ ಕೊಡಿ. ಈಗಿನ ಹೊರೆಯ ಮೇಲೆ ಬರಿಗೈಯಲ್ಲಿ ಇನ್ನೊಂದು ರಿಜಿಸ್ಟರ್ ಹೊರಿಸಬಾರದು.

ತಪಾಸಣೆಯ ಪ್ರಶ್ನೆಗಳ ಬಗ್ಗೆ ವಿಶೇಷವಾಗಿ ಗಮನ ಸೆಳೆಯಬಯಸುತ್ತೇವೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ “ಇಂದಿನ ದಿನಾಂಕವೇನು, ನೂರರಿಂದ ಏಳೇಳು ಕಳೆಯುತ್ತ ಹೋಗಿ” ಎಂದು ಕೇಳಿದರೆ ಆಕೆ ಸೋಲುವುದು ಖಂಡಿತ, ಆ ಸೋಲು ಕಾಯಿಲೆಯಲ್ಲ. “ಮೊನ್ನೆ ಯಾವ ಹಬ್ಬ ಆತು? ಈಗ ಯಾವ ಮಳಿ ನಡದೈತಿ? ಸಂತ್ಯಾಗ ನೂರರ ನೋಟು ಕೊಟ್ಟು ಮೂವತ್ತು ರೂಪಾಯಿ ಉಳ್ಳಾಗಡ್ಡಿ ತಗೊಂಡ್ರ ತಿರುಗಿ ಎಷ್ಟು ಬರಬೇಕು?” ಎಂದು ಕೇಳಿ ನೋಡಲಿ. ಅಕ್ಷರ ಬಾರದವರಿಗೂ ಹೊಂದುವಂತೆ ಐಸಿಎಂಆರ್ ರೂಪಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ತಜ್ಞರು ಅವನ್ನು ನಮ್ಮ ಆಡುಮಾತಿಗೆ ಒಗ್ಗಿಸಿಕೊಡುವಂತೆ ತಾವು ಕೋರಬೇಕು.

ಇನ್ನು ಚಿಕಿತ್ಸೆ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರದಂದು ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡು 2014ರಿಂದ ಇದೆ. ಆದರೆ ಎದ್ದು ನಿಲ್ಲಲಾಗದ ಹಿರಿಯರನ್ನು ಕುಂದಗೋಳಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ, ಮತ್ತೆ ಧಾರವಾಡಕ್ಕೆ ಒಯ್ಯಬೇಕೆಂದರೆ ಮನೆಯ ಇಬ್ಬರು ದಿನದ ಕೂಲಿ ಬಿಡಬೇಕು. ಬೀಜ ಬಿತ್ತುವ ಹೊತ್ತಿನಲ್ಲಿ ಅದು ಆಗದ ಮಾತು. ಜಿಲ್ಲಾ ಮಾನಸಿಕ ಆರೋಗ್ಯ ತಂಡ ತಿಂಗಳಿಗೊಂದು ದಿನ ಗುಡಗೇರಿಗೆ ಬರಲಿ, ಖಿನ್ನತೆಯ ಔಷಧ ಊರ ಸರಕಾರಿ ಆಸ್ಪತ್ರೆಯಲ್ಲೇ ಸಿಗಲಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 18ನೇ ಕಲಂ ಸರಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕು ಎಂದಿದೆ. ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಒಳ್ಳೆಯ ಸೇವೆಯೇ; ಆದರೆ ಕಿವಿ ಮಂದವಾದವರಿಗೆ ಫೋನು ಸಾಲದು.

ಹಿರಿಯರನ್ನು ನೋಡಿಕೊಳ್ಳುವ ಸೊಸೆಯರು, ಹೆಣ್ಣುಮಕ್ಕಳು ರಾತ್ರಿ ನಿದ್ದೆಗೆಟ್ಟು ತಾವೇ ಹಾಸಿಗೆ ಹಿಡಿಯುತ್ತಿದ್ದಾರೆ. ಅವರಿಗೆ ಆರೈಕೆಯ ತರಬೇತಿ ಬೇಕು, ಹಗಲು ನಾಲ್ಕು ತಾಸಿನ ಬಿಡುವೂ ಬೇಕು. ಪುಟ್ಟ ಮಕ್ಕಳಿಗೆ ಪಂಚಾಯಿತಿಗಳು ಕೂಸಿನ ಮನೆ ತೆರೆದಂತೆ ಹಿರಿಯರಿಗೂ ಒಂದು ಹಗಲಿನ ತಾಣವನ್ನು ನಮ್ಮಲ್ಲಿ ಪ್ರಾಯೋಗಿಕವಾಗಿ ಆರಂಭಿಸಬೇಕೆಂದು ಕೋರುತ್ತೇವೆ. ಭಜನೆಗೆ, ಚಹಾಕ್ಕೆ, ಮಾತಿಗೆ ನಾಲ್ಕು ಜನ ಸೇರಿದರೆ ಅದೂ ಔಷಧವೇ.

ಕೊನೆಯದಾಗಿ, ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ತೆಗೆಯಲು ಹೋದರೆ ಹೆಬ್ಬೆಟ್ಟು ಮೂಡದ, ಕೇಳಿದ್ದು ತಿಳಿಯದ ಹಿರಿಯರ ಮನೆಗೇ ಅಂಚೆ ಇಲ್ಲವೆ ಬ್ಯಾಂಕ್ ಸಿಬ್ಬಂದಿ ಬಂದು ಹಣ ತಲುಪಿಸುವಂತೆ ಆದೇಶಿಸಬೇಕು.

ಈ ಬೇಡಿಕೆಗಳ ಬಗ್ಗೆ ಆರೋಗ್ಯ ಇಲಾಖೆ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಹಾಗೂ ಗ್ರಾಮ ಪಂಚಾಯಿತಿಯವರನ್ನು ಕೂಡಿಸಿ ಗುಡಗೇರಿಯಲ್ಲೇ ಸಭೆ ಕರೆಯಬೇಕು, ಯಾವ ಕೆಲಸ ಯಾರ ಹೊಣೆ, ಯಾವಾಗ ಆರಂಭ ಎಂಬುದನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಗುಡಗೇರಿಯ ಹಿರಿಯ ನಾಗರಿಕರು ಮತ್ತು ಅವರ ಕುಟುಂಬದವರು
(ಸಹಿ ಹಾಗೂ ಹೆಬ್ಬೆಟ್ಟಿನ ಗುರುತುಗಳನ್ನು ಲಗತ್ತಿಸಿದೆ)

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಧಾರವಾಡ