ಒಂದು ಡಿಗ್ರಿ ಅಂದ್ರ ನಾಕು ನಿಮಿಷ

ಎಂಟನೇ ಇಯತ್ತೆ ಮಕ್ಕಳ ಗಣಿತದ ವಹಿ ತಗದು ನೋಡ್ರಿ, ವೃತ್ತ ನಕ್ಷೆ ಅಂತ ಒಂದು ಪಾಠ ಇರ್ತದ. ಪೈ ಚಾರ್ಟ್ ಅಂತಾರಲ್ಲ, ಅದ. 36 ಮಕ್ಕಳ ವರ್ಗದಾಗ 18 ಮಂದಿಗೆ ಚಾಕಲೇಟ್ ಐಸ್‌ಕ್ರೀಮ್ ಸೇರ್ತದ, 9 ಮಂದಿಗೆ ವೆನಿಲಾ, 9 ಮಂದಿಗೆ ಮಾವಿನಹಣ್ಣಿಂದು. ಹುಡುಗ 18ನ್ನ 36ರಿಂದ ಭಾಗಿಸಿ, 360ರಿಂದ ಗುಣಿಸಿ 180 ಡಿಗ್ರಿ ಅಂತ ಬರೀತಾನ. ಕೋನಮಾಪಕ ಇಟ್ಟು ಗೀಟು ಹೊಡೀತಾನ, ಮೂರು ಬಣ್ಣ ತುಂಬತಾನ. ಬಣ್ಣ ಗೀಟಿನ ಹೊರಗ ಹೋದ್ರ ಅರ್ಧ ಮಾರ್ಕು ಕಟ್. ಮುಗೀತು ಪಾಠ.

ನನ್ನ ತಕರಾರು ಇರೋದು ಇಲ್ಲೇ. ಲೆಕ್ಕ ಸುಳ್ಳಲ್ಲ, ಆದ್ರ ಆ ಐಸ್‌ಕ್ರೀಮ್ ಯಾರೂ ತಿಂದಿಲ್ಲ, ಯಾರನ್ನೂ ಯಾರೂ ಕೇಳಿಲ್ಲ. ಉತ್ತರ ಸರಳ ಬರ್ಲಿ ಅಂತ ಅಂಕಿ ಕಟ್ಟಿ ಇಟ್ಟಿದ್ದು. ಸಮೀಕ್ಷೆ ಅಂದ್ರೇನು, ಯಾರನ್ನ ಕೇಳಿದ್ರು, ಯಾರನ್ನ ಬಿಟ್ರು, ಆ ಪೂರಾ ರೊಟ್ಟಿ ಯಾತರದು ಅನ್ನೋದು ಹುಡುಗನಿಗೆ ಕಡೀತನಾ ಗೊತ್ತಾಗಂಗಿಲ್ಲ. ಮುಂದ ಅದೇ ಹುಡುಗ ದೊಡ್ಡಾಂವ ಆಗಿ ಟೀವಿಯೊಳಗ ಬಣ್ಣದ ವೃತ್ತ ನೋಡಿ ಹೌದು ಹೌದು ಅಂತಾನ.

ಐಸ್‌ಕ್ರೀಮ್ ಬಿಟ್ಟು ಮನ್ಯಾಗಿನ ದಿನಾ ಕೊಡ್ರಿ ಅಂತೀನಿ ನಾನು. ದಿನಕ್ಕ 24 ತಾಸು, ಅಂದ್ರ 1440 ನಿಮಿಷ. ವೃತ್ತಕ್ಕ 360 ಡಿಗ್ರಿ. ಭಾಗಿಸಿ ನೋಡ್ರಿ, ಒಂದು ಡಿಗ್ರಿಗೆ ಸರಿಯಾಗಿ ನಾಕು ನಿಮಿಷ! ಇಷ್ಟು ಚಂದ ಕೂಡಿ ಬರೋ ಲೆಕ್ಕ ಬಿಟ್ಟು ವೆನಿಲಾ ಯಾಕ ಬೇಕ್ರಿ? ಎಂಟು ತಾಸು ನಿದ್ದಿ ಅಂದ್ರ 120 ಡಿಗ್ರಿ. ಒಂದು ತಾಸು ರೊಟ್ಟಿ ಬಡದ್ರ 15 ಡಿಗ್ರಿ. ಅಪ್ಪಂದೊಂದು ವೃತ್ತ, ಅವ್ವಂದೊಂದು, ಅಜ್ಜಿದೊಂದು, ತಂದೊಂದು. ಬಾಜೂಕ ಬಾಜೂಕ ಇಟ್ಟು ನೋಡ್ಲಿ.

"ಮನಿ ಜಗಳ ಸಾಲಿಗೆ ತರಬ್ಯಾಡ್ರಿ" ಅಂತ ಒಬ್ರು ಮಾಸ್ತರರು ನನಗ ಅಂದ್ರು. ಜಗಳ ಅಲ್ರಿ, ಇದು ಸರಕಾರಾನ ಮಾಡಿದ ಸಮೀಕ್ಷೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು 2019ರಾಗ ಸುಮಾರು 1 ಲಕ್ಷ 38 ಸಾವಿರ ಮನಿಗೆ ಹೋಗಿ, ಆರು ವರ್ಷ ದಾಟಿದ ಎಲ್ಲಾರ ಒಂದೊಂದು ದಿನದ ಲೆಕ್ಕ ಬರಕೊಂಡರು. ನಸೀಕಿನ್ಯಾಗ ನಾಕರಿಂದ ಮರುದಿನ ನಾಕರ ತನಕ, ಅರ್ಧ ಅರ್ಧ ತಾಸಿನ ತುಣುಕು ಮಾಡಿ. ಮನಿಗೆಲಸಕ್ಕ ಹೆಂಗಸರು ದಿನಕ್ಕ 299 ನಿಮಿಷ ಕೊಡ್ತಾರ, ಗಂಡಸರು 97 ಅಂತ ಬಂತು. 2024ರಾಗ ಮತ್ತ ಮಾಡಿದಾಗ 289 ಮತ್ತು 88.

ನಾ ಪಿಯುಸಿ ತನಕ ಓದಿದಾಕಿ. ಆದ್ರೂ ಆ 97 ಓದಿ ನನಗ ನಗಿ ಬಂತು. ಒಂದೂವರಿ ತಾಸು! ಯಾವ ಊರಿನ ಗಂಡಸರೋ ಏನೋ. ಕೆಳಗ ನೋಡಿದ್ರ ತಿಳೀತು, ಅದು *ಮನಿಗೆಲಸ ಮಾಡಿದ* ಗಂಡಸರ ಸರಾಸರಿ ಅಷ್ಟ. ಆ ದಿನ ಮನಿಗೆಲಸ ಮಾಡಿದ ಗಂಡಸರು ನೂರಕ್ಕ 26 ಮಂದಿ. ಹೆಂಗಸರು 81. ಉಳಿದ 74 ಗಂಡಸರದು ಸೊನ್ನೆ, ಆ ಸೊನ್ನೆ 97ರೊಳಗ ಕೂಡೇ ಇಲ್ಲ. ಎಲ್ಲಾ ಗಂಡಸರಿಗೂ ಹಂಚಿದ್ರ ತಲಿಗೆ 25 ನಿಮಿಷ ಬರ್ತದ, ಹೆಂಗಸರಿಗೆ 243.

ಈಗ ಕೋನಮಾಪಕ ತಗೋರಿ. 97ನ್ನ ನಾಕರಿಂದ ಭಾಗಿಸಿದ್ರ 24 ಡಿಗ್ರಿ, ಹೋಳಿಗಿ ತುಣುಕಿನಷ್ಟರ ಕಾಣತದ. 25ನ್ನ ಭಾಗಿಸಿದ್ರ 6 ಡಿಗ್ರಿ. ಹುಡುಗ ಪೆನ್ಸಿಲ್ ಚೂಪ ಮಾಡಿಕೊಂಡು ತಗೀಬೇಕು, ಇಲ್ಲಾಂದ್ರ ಗೀಟಿನಾಗ ಮುಚ್ಚಿ ಹೋಗ್ತದ. ಹೆಂಗಸರದು 61 ಡಿಗ್ರಿ. ಮತ್ತ ಇನ್ನೊಂದು. ಪೈ ಚಾರ್ಟ್‌ನ ಹೋಳು ಎಲ್ಲಾ ಕೂಡಿ ಒಂದು ಪೂರಾ ಆಗಬೇಕು. ಮಾಡಿದವರ ಸರಾಸರಿ ಅಷ್ಟ ಹಿಡದು ನಿದ್ದಿ, ಉದ್ಯೋಗ, ಓದು ಎಲ್ಲಾ ಕೂಡಿಸಿದ್ರ 1440 ದಾಟಿ ಹೋಗ್ತದ. ಅದಕ್ಕ ವೃತ್ತ ತಗಿಯಾಕ ಬರಂಗೇ ಇಲ್ಲ. ಎಲ್ಲಾರಿಗೂ ಹಂಚಿದ ಸರಾಸರಿಗೆ ಮಾತ್ರ ಬರ್ತದ. ಇದನ್ನ ಯಾವ ಪಾಠದಾಗ ಹೇಳ್ಯಾರ? ಟೀವಿಯವರೂ ಹಂಗ ಮಾಡ್ತಾರ. ಒಬ್ಬೊಬ್ರು ಎರಡು ಮೂರು ಉತ್ತರ ಕೊಟ್ಟ ಪ್ರಶ್ನೆಗೆ ವೃತ್ತ ತಗದು, ನೂರರ ರೊಟ್ಟಿಯೊಳಗ ನೂರಾ ಮೂವತ್ತು ತುರುಕತಾರ. ಅಲ್ಲಿ ಕಂಬದ ನಕ್ಷೆ ಹಾಕಬೇಕು.

ಈ ನಕ್ಷೆ ಮೊದಲು ಅಚ್ಚು ಹಾಕಿಸಿದಾಂವ ವಿಲಿಯಂ ಪ್ಲೇಫೇರ್, 1801ರಾಗ. ತುರ್ಕರ ಸಾಮ್ರಾಜ್ಯದ ಭೂಮಿ ಏಷ್ಯಾದಾಗ ಎಷ್ಟು, ಯುರೋಪಿನ್ಯಾಗ ಎಷ್ಟು, ಆಫ್ರಿಕಾದಾಗ ಎಷ್ಟು ಅಂತ ತೋರಿಸಿದ್ದ. ಭೂಮಿಗೆ ಅದು ಸರಿ. ಒಂದು ಎಕರೆ ಎರಡು ಕಡೆ ಇರಂಗಿಲ್ಲ. ನಮ್ಮ ಕೆಲಸ ಹಂಗ ಅಲ್ಲಲ್ರಿ! ಒಲಿ ಮ್ಯಾಲ ಹಾಲು, ಕಂಕುಳಾಗ ಕೂಸು, ಬಾಗಿಲದಾಗ ಕಾಯಿಪಲ್ಲೆದಾಂವ, ಒಳಗ ಅತ್ತಿಗೆ ಔಷಧ. ಅದೇ ನಾಕು ನಿಮಿಷ ಯಾವ ಹೋಳಿಗೆ ಹಾಕ್ತೀರಿ? ಸಮೀಕ್ಷೆಯವರೂ ಅರ್ಧ ತಾಸಿನಾಗ ಹೆಚ್ಚಂದ್ರ ಮೂರು ಕೆಲಸ ಬರಕೊಂಡರು, ಅದೂ ಹತ್ತು ನಿಮಿಷಕ್ಕ ಕಡಿಮಿ ಇರಬಾರದು. ಹಾಲು ಉಕ್ಕೋದು ನೋಡಿಕೋತ ನಿಂತ ಮೂರು ನಿಮಿಷ ಎಲ್ಲೂ ಇಲ್ಲ. ಇದನ್ನೂ ಮಕ್ಕಳಿಗೆ ಹೇಳ್ರಿ. ನಕ್ಷೆ ಸುಳ್ಳಂತ ಅಲ್ಲ, ಏನು ಬಿಟ್ಟಾರ ಅನ್ನೋದು ಗೊತ್ತಿರಲಿ ಅಂತ.

ಇಷ್ಟಾದ್ರೂ ಬರಕೊಂಡರಲ್ಲ, ಅದಕ್ಕ ನಾ ಕೈ ಮುಗೀತೀನಿ. 2011ರ ಜನಗಣತಿಯೊಳಗ ನಮ್ಮನ್ನ ಎಲ್ಲಿ ಹಾಕಿದ್ರು ಗೊತ್ತೇನು? ಕೂಲಿಯಿಲ್ಲದ ಮನಿಗೆಲಸ ಅಷ್ಟ ಮಾಡೋರು "ಕೆಲಸ ಮಾಡದವರು" ಅನ್ನೋ ಹೋಳಿನಾಗ. ಸಾಲಿ ಹುಡುಗರು, ಪಿಂಚಣಿಯವರು, ಭಿಕ್ಷುಕರು ಎಲ್ಲಾ ಅದೇ ಹೋಳಿನಾಗ. ಆ ಲೆಕ್ಕದ ವೃತ್ತ ತಗದ್ರ ನಮಗ ಬಣ್ಣ ಸಿಗತದ ಖರೇ, ಹೆಸರು ಸಿಗಂಗಿಲ್ಲ.

ಅದಕ್ಕ ಸಾಲಿಯವರಿಗೆ ನಾ ಕೇಳೋದು ಇಷ್ಟ. ಈ ಸಲ ವೃತ್ತ ನಕ್ಷೆ ಪಾಠ ಬಂದಾಗ ಒಂದು ಐತವಾರ, ಒಂದು ಸೋಮವಾರ, ಎರಡು ದಿನದ ಲೆಕ್ಕ ಮನ್ಯಾಗ ಬರಸ್ರಿ. ಐತವಾರ ಯಾರ ವೃತ್ತ ಬದಲಾಗ್ತದ, ಯಾರದು ಹಂಗ ಉಳೀತದ ಅಂತ ಮಕ್ಕಳು ತಾವ ಗೀಟು ಹೊಡದು ನೋಡ್ಲಿ. "ಇತರೆ" ಅನ್ನೋ ಹೋಳು 10 ಡಿಗ್ರಿಗಿಂತ ದೊಡ್ಡದಾದ್ರ ವಹಿ ವಾಪಸ್ ಕೊಡ್ರಿ, ಅದರೊಳಗ ಏನೇನು ಅದ ಅಂತ ಅವ್ವನ್ನ ಕೇಳಿ ಬರಕೊಂಡು ಬರ್ಲಿ.