ಓಡಿಹೋಗುವ ಗೆಳೆಯ

ಜೂನ್ 26 ಬಂತೆಂದರೆ ಶಾಲಾಮಕ್ಕಳ ಮೆರವಣಿಗೆ ಹೊರಡುತ್ತದೆ. ಮಾದಕದ್ರವ್ಯ ವಿರೋಧಿ ದಿನ. ಮಕ್ಕಳ ಕೈಯಲ್ಲಿ ಫಲಕ, ಬಾಯಲ್ಲಿ ಘೋಷಣೆ. ವೇದಿಕೆಯ ಮೇಲೆ ಹಾರ, ಭಾಷಣ. ಚಟ ಕೆಟ್ಟದ್ದೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲವಾಗಿ ಸಭೆ ಸುಸೂತ್ರವಾಗಿ ಮುಗಿಯುತ್ತದೆ. ಅಲ್ಲಿ ಯಾರೂ ಕೇಳದ ಪ್ರಶ್ನೆಯೊಂದುಂಟು: ಹೆರಾಯಿನ್ ಮಿತಿಮೀರಿ ಒಬ್ಬ ಹುಡುಗ ಉಸಿರುಗಟ್ಟಿ ಬಿದ್ದರೆ ಪಕ್ಕದಲ್ಲಿದ್ದವನು ಮಾಡಬೇಕಾದುದೇನು?

ಓಡಿಹೋಗಬೇಕು. ನಮ್ಮ ಕಾನೂನು ಅವನಿಗೆ ಕಲಿಸಿರುವುದು ಅಷ್ಟೆ. 1985ರ ಮಾದಕದ್ರವ್ಯ ಕಾಯಿದೆಯ 27ನೆಯ ಕಲಮಿನಂತೆ ಹೆರಾಯಿನ್ ಸೇವಿಸಿದವನಿಗೆ ಒಂದು ವರ್ಷದವರೆಗೆ ಸೆರೆಮನೆ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ 64-ಎ ಕಲಮು ವಿನಾಯಿತಿ ಕೊಡುತ್ತದೆ, ನಿಜ. ಆದರೆ ಗೆಳೆಯನನ್ನು ಉಳಿಸಲೆಂದು ಆಂಬ್ಯುಲೆನ್ಸ್ ಕರೆದವನಿಗೆ ಅದರಲ್ಲಿ ಒಂದಕ್ಷರದ ಅಭಯವಿಲ್ಲ. ರಸ್ತೆ ಅಪಘಾತದಲ್ಲಿ ಗಾಯಾಳುವಿಗೆ ನೆರವಾದವನ ಮೇಲೆ ಮೊಕದ್ದಮೆ ಬೀಳಬಾರದೆಂದು 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134-ಎ ಕಲಮನ್ನು ಸೇರಿಸಿದ್ದೂ ಇದೇ ದೇಶ. ಲಾರಿಗೆ ಸಿಕ್ಕಿದವನ ಪ್ರಾಣ ಪ್ರಾಣ. ಸೂಜಿ ಚುಚ್ಚಿಕೊಂಡವನದು ಪ್ರಾಣವಲ್ಲವೆ? ಅಮೆರಿಕದ ನ್ಯೂ ಮೆಕ್ಸಿಕೊ ಸಂಸ್ಥಾನ 2007ರಲ್ಲೇ ಇಂಥ ಅಭಯವನ್ನಿತ್ತಿತು.

ಇನ್ನು ಮದ್ದಿನ ಮಾತು. ನಲೋಕ್ಸೋನ್ ಹೊಸದೇನಲ್ಲ, 1971ರಿಂದ ಅಮೆರಿಕದ ಆಸ್ಪತ್ರೆಗಳಲ್ಲಿದೆ. ಅಫೀಮಿನ ಜಾತಿಯ ಮಾದಕಗಳು ಮೆದುಳಿನಲ್ಲಿ ಹಿಡಿದ ಜಾಗದಿಂದ ಅವನ್ನು ಎಬ್ಬಿಸಿ ತಾನು ಕೂರುತ್ತದೆ. ಅಡಗುತ್ತಿದ್ದ ಉಸಿರು ಕೆಲವೇ ನಿಮಿಷಗಳಲ್ಲಿ ಮರಳುತ್ತದೆ. ಅದರಿಂದ ಅಮಲೇರುವುದಿಲ್ಲ. ಪ್ರಭಾವ ಸುಮಾರು ಒಂದು ಗಂಟೆ ಮಾತ್ರವಾದ್ದರಿಂದ ಆಸ್ಪತ್ರೆ ಹೇಗೂ ತಪ್ಪದು. ಚಿಕಾಗೊದಲ್ಲಿ ಡ್ಯಾನ್ ಬಿಗ್ ಮತ್ತು ಸಂಗಡಿಗರು 1996ರ ಹೊತ್ತಿಗೇ ಇದನ್ನು ವ್ಯಸನಿಗಳ ಕೈಗೇ ಕೊಡತೊಡಗಿದರು. ಬಿದ್ದವನ ಪಕ್ಕದಲ್ಲಿ ಇರುವವನು ವೈದ್ಯನಲ್ಲ, ಇನ್ನೊಬ್ಬ ವ್ಯಸನಿ ಎಂಬ ಸರಳ ಸತ್ಯ ಅವರಿಗೆ ಹೊಳೆದಿತ್ತು. ಮಣಿಪುರದಲ್ಲಿ ಚಟದಿಂದ ಹೊರಬಂದವರೇ ಸಂಘ ಕಟ್ಟಿ ಸಂಗಾತಿಗಳನ್ನು ಹೀಗೆ ಬದುಕಿಸಿದ್ದಾರೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಶಿಫಾರಸು ಮಾಡಿತು. ನಮ್ಮಲ್ಲಿ ಮಾತ್ರ ಅದಕ್ಕೆ ವೈದ್ಯರ ಚೀಟಿ ಬೇಕು!

ಇದರಿಂದ ಚಟಕ್ಕೆ ಪ್ರೋತ್ಸಾಹ ಕೊಟ್ಟಂತಾಗುವುದಿಲ್ಲವೆ, ಎಂದು ಕೇಳುವ ಮಹನೀಯರುಂಟು. ಕೆರೆಗೆ ಬಿದ್ದವನಿಗೆ ಹಗ್ಗ ಎಸೆದರೆ ಊರಿಗೆ ಊರೇ ಕೆರೆಗೆ ಹಾರೀತೆಂದು ಇವರು ನಂಬುತ್ತಾರೇನೋ. ವ್ಯಸನಮುಕ್ತಿಯೇ ಪರಿಹಾರವೆಂಬ ಅವರ ಮಾತು ನನಗೂ ಒಪ್ಪಿಗೆ. ಆದರೆ ಮುಕ್ತನಾಗಲು ಮನುಷ್ಯ ಮೊದಲು ಉಳಿದಿರಬೇಕಷ್ಟೆ? 2019ರ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ ಅಫೀಮು ಜಾತಿಯ ಮಾದಕಗಳಿಂದಾದ ತೊಂದರೆಗೆ ನೆರವು ಬೇಕಾದವರು ಸುಮಾರು 77 ಲಕ್ಷ. ಇವರೆಲ್ಲ ಪರದೇಶಿಗಳಲ್ಲ.

ವ್ಯಸನಮುಕ್ತಿಯ ಒಳಗೇ ಅಡಗಿರುವ ಅಪಾಯವನ್ನಂತೂ ಬಾಯಿಬಿಟ್ಟು ಹೇಳುವವರೇ ಕಡಿಮೆ. ಮೂರು ತಿಂಗಳು ಕೇಂದ್ರದಲ್ಲಿದ್ದು, ಇಲ್ಲವೆ ಜೈಲಿನಲ್ಲಿದ್ದು ಬಂದವನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಮಗ ಗುಣವಾದನೆಂದು ತಾಯಿ ಹಬ್ಬದಡುಗೆ ಮಾಡುತ್ತಾಳೆ. ಒಂದು ದುರ್ಬಲ ಗಳಿಗೆಯಲ್ಲಿ ಅವನು ಮೊದಲಿನಷ್ಟೇ ತೆಗೆದುಕೊಂಡರೆ ಸಾಕು, ಬೆಳಗ್ಗೆ ಏಳುವುದಿಲ್ಲ. ಮನೆಗೆ ಕಳಿಸುವಾಗ ತಾಯಿಗೆ ಇಷ್ಟನ್ನು ತಿಳಿಸಿ, ಒಂದು ನಲೋಕ್ಸೋನ್ ಕೊಟ್ಟು, ಬಳಸುವ ಬಗೆ ಕಲಿಸಿದರೆ ಯಾರ ಗಂಟು ಹೋಗುತ್ತದೆ? ಮುಂದಿನ ಜೂನ್ 26ರಂದು ಯಾರಾದರೊಬ್ಬರು ವೇದಿಕೆಯಲ್ಲಿ ಈ ಮಾತೆತ್ತಲಿ. ಅವರಿಗೆ ಹಾರ ನಾನೇ ತರುತ್ತೇನೆ.